ಒಗೆದ ಝಂಡಾ

ಹಗ್ಗದ ಮೇಲೆ ಬೆಳ್ಳಗೆ ಒಣಗುತ್ತಿದ್ದ ಬಟ್ಟೆ ಯಾವುದೆಂದು ನೀಲಕಂಠಪ್ಪನಿಗೆ ಮೊದಲು ಹೊಳೆಯಲೇ ಇಲ್ಲ. ಭಾನುವಾರ ಬೆಳಿಗ್ಗೆ, ಮುಂಬಯಿಯ ಜೋಗೇಶ್ವರಿಯ ಚಾಳಿನ ಉದ್ದನೆಯ ಗ್ಯಾಲರಿಯಲ್ಲಿ ಬೇವಿನಕಡ್ಡಿ ಕಚ್ಚಿಕೊಂಡು ನಿಂತವನು, ಯಾರೋ ಗೋಣಿಚೀಲ ಬಿಚ್ಚಿ ಒಗೆದು ಹಾಕಿದ್ದಾರೆ ಅಂದುಕೊಂಡ. ಗಾಳಿಗೆ ಅದು ಒಮ್ಮೆ ಮಗ್ಗುಲು ತಿರುಗಿತು. ಎರಡೂ ತುದಿಗೆ ದಪ್ಪ ನೂಲಿನ ಜೋಡಿ ಹೊಲಿಗೆ, ಹೊಲಿಗೆಯ ನಡುವೆ ಕೋಲು ತೂರಿಸುವಷ್ಟು ಸಂದು. ಬಾಯಿಂದ ಕಡ್ಡಿ ಬಿತ್ತು. ಬರಿಗಾಲಲ್ಲಿ ಓಡಿಹೋಗಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ಚಾಚಿದ. ಏನೂ ಇರಲಿಲ್ಲ. ಕೆಂಪು ಇರಲಿಲ್ಲ, ನೀಲಿ ಇರಲಿಲ್ಲ, ಹಳದಿ ಇರಲಿಲ್ಲ. ನೀರು ಮಾತ್ರ ತೊಟ್ಟಿಕ್ಕಿ ಪಾದದ ಮೇಲೆ ಬೀಳುತ್ತಿತ್ತು. ಸಿಟ್ಟು ನೆತ್ತಿಗೇರಿತು.

“ಇದನ್ನ ಯಾರು ಒಗದ್ರು?”

ಹೆಂಡತಿ ಚಂದ್ರವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಅವಳ ಮುಖದಲ್ಲಿ ಮೆಚ್ಚುಗೆ ಕಾಯುವ ಕಳೆಯಿತ್ತು. “ನಾನ ಒಗದೀನಿ. ಮತ್ತ್ಯಾರು ಒಗೀತಾರ? ಟ್ರಂಕಿನ್ಯಾಗ ಹಳೇ ಪೇಪರಿನ್ಯಾಗ ಸುತ್ತಿ ಇಟ್ಟಿದ್ರಿ. ಬಿಚ್ಚಿ ನೋಡಿದ್ರ ತುಂಬ ಬಣ್ಣದ ಕಲಿ. ಸತ್ತವರ ಹೆಸರೀಲೆ ಇಡೋ ಅರಿವಿ, ಅವರ ಹೆಂಡ್ತಿ ಕೈಯಾಗ ಕೊಡೋ ಅರಿವಿ ಹಂಗ ಹೊಲಸು ಇರಬಾರದು ಅಂತ ಎರಡು ಸಲ ಸಬಕಾರ ಹಚ್ಚಿ ತಿಕ್ಕೀನಿ. ನೀಲೀನೂ ಹಾಕೀನಿ. ಒಂದ ಚೂರು ಕಲಿ ಉಳಿದಿಲ್ಲ, ನೋಡ್ರಿ.”

ಅವನ ಕೈ ಮೇಲೆದ್ದಿತು. ಹೊಡೆಯಲಿಲ್ಲ, ದೇವರು ದೊಡ್ಡವನು, ಹೊಡೆಯಲಿಲ್ಲ. ಆದರೆ ಗ್ಯಾಲರಿಯಲ್ಲಿ ಅಕ್ಕಿ ಆರಿಸುತ್ತಿದ್ದ ಹೆಂಗಸರು ಮೊರ ಅಲ್ಲಾಡಿಸುವುದನ್ನು ನಿಲ್ಲಿಸಿದರು, ಕೈ ಎತ್ತಿದ್ದನ್ನು ಎಲ್ಲರೂ ಕಂಡರು. ಎತ್ತಿದ ಕೈ ಇಳಿಸಲು ದಾರಿ ಕಾಣದೆ ಅವನು ಅದೇ ಕೈಯಿಂದ ಹಗ್ಗದ ಮೇಲಿನ ಬಟ್ಟೆ ಎಳೆದುಕೊಂಡ. “ನಿನ್ನಂಥಾ ಹುಚ್ಚಿ ಗಂಟು ಬಿದ್ದಿದ್ದು ನನ್ನ ಕರ್ಮ. ಅದು ಕಲಿ ಅಲ್ಲ. ಅದು ಮೋನಪ್ಪ!” ಅಂದ.

ಚಂದ್ರವ್ವ ಅಳಲಿಲ್ಲ. ಅವಳು ಅಳುವ ಪೈಕಿಯವಳಲ್ಲ. “ಅದೇನು ಅಂತ ನೀವು ಒಂದ ದಿನ ಹೇಳೀರೇನು?” ಎಂದು ಕೇಳಿ, ಒಳಗೆ ಹೋಗಿ, ರೊಟ್ಟಿ ಬಡಿಯಲು ಕುಳಿತಳು. ಆ ಬಡಿತ ಗ್ಯಾಲರಿಯ ಕೊನೆಯವರೆಗೂ ಕೇಳಿಸುತ್ತಿತ್ತು.

ಹೇಳಿರಲಿಲ್ಲ, ನಿಜ. ಹೇಳಿದರೆ ಯಾರಿಗೆ ತಿಳಿಯುತ್ತದೆ? ಏರ್ ಫೋರ್ಸ್ ಬಿಟ್ಟು ಬಂದ ಹೊಸತರಲ್ಲಿ ಅವನು ಎಲ್ಲರಿಗೂ ಹೇಳುತ್ತಿದ್ದ. ದೇಶದಲ್ಲಿ ಹೆಲಿಕಾಪ್ಟರ್ ಅನ್ನುವುದು ಕಾಲಿಟ್ಟ ಹೊಸದರಲ್ಲೇ ಅವುಗಳನ್ನು ನೋಡಿಕೊಳ್ಳಲು ಕಟ್ಟಿದ ಪುಟ್ಟ ತುಕಡಿಯಲ್ಲಿ ತಾನಿದ್ದೆ, ಅದು ನಿಂತಲ್ಲಿಂದಲೇ ಏಳುತ್ತದೆ, ಆಕಾಶದಲ್ಲಿ ನಿಂತೇ ಇರುತ್ತದೆ, ನೆರೆ ಬಂದಾಗ ಮನೆಯ ಮಾಳಿಗೆಯ ಮೇಲಿಂದ ಮುದುಕಿಯರನ್ನು ಎತ್ತಿಕೊಂಡು ಬರುತ್ತದೆ ಎಂದು. ಈಗ ಅವನು ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಮೆಕ್ಯಾನಿಕ್. ಬರೀ ಆಫೀಸುಗಳೇ ತುಂಬಿದ ಫೋರ್ಟಿನ ಒಂದು ಬಿಲ್ಡಿಂಗಿನಲ್ಲಿ ಹೆಡ್ ಕ್ಲಾರ್ಕೊಬ್ಬ ಇದನ್ನೆಲ್ಲ ಕೇಳಿ, “ನಡುವೆ ನಿಂತೇಬಿಡುತ್ತಾ? ಹಾಗಾದರೆ ನಮ್ಮ ಲಿಫ್ಟೂ ಹೆಲಿಕಾಪ್ಟರೇ ಬಿಡಯ್ಯ” ಎಂದು ಇಡೀ ಆಫೀಸನ್ನು ನಗಿಸಿದ್ದ. ನೀಲಕಂಠಪ್ಪ ಗ್ರೀಸು ಮೆತ್ತಿದ ಕೈಯಲ್ಲಿ, ಲಿಫ್ಟಿನ ಗುಂಡಿಯೊಳಗೆ ಎದೆಮಟ್ಟ ಇಳಿದುಕೊಂಡು, ಅವರ ಬೂಟುಗಳ ಎತ್ತರದಿಂದ ತಾನೂ ನಕ್ಕ. ಅಂದಿನಿಂದ ಹೇಳುವುದನ್ನು ಬಿಟ್ಟ. ವರ್ಷಕ್ಕೊಂದು ಸಲ, ಹೇಳುವ ಅಗತ್ಯವೇ ಇಲ್ಲದ ಜನರ ನಡುವೆ ಕೂತರೆ ಸಾಕು ಎಂದುಕೊಂಡ.

ಆ ಕೂಟಕ್ಕೆ ಅವನೇ ಮೂಲಪುರುಷ. ತುಕಡಿಯಿಂದ ಬಿಡುಗಡೆಯಾಗಿ ಮುಂಬಯಿಯಲ್ಲಿ ಹೊಟ್ಟೆ ಹೊರೆಯುತ್ತಿದ್ದವರನ್ನೆಲ್ಲ ಹುಡುಕಿ ಹುಡುಕಿ ಸೇರಿಸಿದ್ದ. ತುಕಡಿಯ ಅಡುಗೆಯವನಾಗಿದ್ದ ಕಾಂತಪ್ಪ ಈಗ ಫೋರ್ಟಿನಲ್ಲಿ ಒಂದು ಉಡುಪಿ ಹೋಟೆಲಿನ ಮ್ಯಾನೇಜರು. ಭಾನುವಾರ ಫೋರ್ಟಿನಲ್ಲಿ ಕಾಗೆಯೂ ಇರುವುದಿಲ್ಲ, ಹೋಟೆಲಿಗೆ ರಜೆ, ಹಿಂಬಾಗಿಲಿನಿಂದ ಒಳಗೆ ಹೋಗಿ ಕೂರಬಹುದು. ಮೊದಲ ವರ್ಷ ಎರಡು ಮೇಜು ಜೋಡಿಸಿದರೂ ಜಾಗ ಸಾಲಲಿಲ್ಲ. ಮಾರನೆಯ ವರ್ಷ ಒಂದು ಮೇಜು ಸಾಕಾಯಿತು. ಈ ವರ್ಷ ಬರುತ್ತೇನೆಂದವರು ಕಾಂತಪ್ಪ ಮತ್ತು ಎಂಜಿನ್ ಫಿಟ್ಟರ್ ಆಗಿದ್ದ ಕಾಶಪ್ಪ, ಇಬ್ಬರೇ. ಅದರಲ್ಲೂ ಬೆಳಗಾವಿಯ ಕಾಶಪ್ಪ ಟೈರು ಮಾರುವ ಕಂಪನಿ ಸೇರಿ, ಟೈ ಕಟ್ಟಿ, “ಈ ವರ್ಷ ಬರ್ತೀನಿ, ಇದ ಕಡೀದು ನೋಡಪಾ” ಎಂದು ಮೊದಲೇ ಹೇಳಿಬಿಟ್ಟಿದ್ದ. ಇಷ್ಟಕ್ಕೇ ಬಿಡುವವನಲ್ಲ ನೀಲಕಂಠಪ್ಪ. ಇದೊಂದು ಮುರಿದರೆ, ತಾವೆಲ್ಲ ಅಲ್ಲಿದ್ದುದಕ್ಕೆ ಸಾಕ್ಷಿ ಹೇಳುವ ಮನುಷ್ಯರೇ ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು, ಆ ಯೋಚನೆ ಬಂದರೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅದಕ್ಕೇ ಅವನು ಇವತ್ತಿನ ಕೂಟಕ್ಕೆ ಮೋನಪ್ಪನ ಹೆಂಡತಿ ವಿನೋದಿನಿಯನ್ನು ಕರೆದದ್ದು.

ಮೋನಪ್ಪ ತುಕಡಿಯಲ್ಲಿ ಝಂಡಾ ಹಿಡಿಯುವವನು. ಹೆಲಿಕಾಪ್ಟರಿನ ನೆತ್ತಿಯ ಮೇಲಿನ ಮೂರು ರೆಕ್ಕೆಗಳೂ ತಿರುಗುವಾಗ ಒಂದೇ ಎತ್ತರದಲ್ಲಿ ಹಾಯಬೇಕು, ಒಂದು ರೆಕ್ಕೆ ಎರಡು ಬೆರಳು ಮೇಲೆ ಕೆಳಗಾದರೂ ಯಂತ್ರ ಜ್ವರ ಬಂದವರ ಹಾಗೆ ನಡುಗುತ್ತದೆ. ಅದನ್ನು ಪರೀಕ್ಷಿಸಲು ರೆಕ್ಕೆಯ ತುದಿಗಳಿಗೆ ಒಂದಕ್ಕೆ ಕೆಂಪು, ಒಂದಕ್ಕೆ ನೀಲಿ, ಒಂದಕ್ಕೆ ಹಳದಿ ಖಡು, ಅಂದರೆ ಬಣ್ಣದ ಸೀಮೆಸುಣ್ಣ ಬಳಿದು, ಎಂಜಿನ್ ಹಚ್ಚಿ, ಅವು ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿರುವಾಗ, ಒಬ್ಬ ಉದ್ದ ಗಳಕ್ಕೆ ಕಟ್ಟಿದ ಬಟ್ಟೆಯನ್ನು, ಅದೇ ಝಂಡಾವನ್ನು, ಮೆಲ್ಲಗೆ, ಬಲು ಮೆಲ್ಲಗೆ ಮುಂದೆ ತಂದು ತುದಿಗಳಿಗೆ ತಾಗಿಸಿ ತಟ್ಟನೆ ಹಿಂದೆಳೆಯಬೇಕು. ಬಟ್ಟೆಯ ಮೇಲೆ ಮೂರು ಬಣ್ಣದ ಗೀರು ಬೀಳುತ್ತವೆ. ಒಂದರ ಮೇಲೊಂದು ಬಿದ್ದರೆ ಸರಿ, ಬೇರೆ ಬೇರೆ ಬಿದ್ದರೆ ಕೆಲಸವಿದೆ. ಕೂದಲೆಳೆ ಹೆಚ್ಚು ಚಾಚಿದರೆ ಗಳ ಕೈ ಕಿತ್ತುಕೊಂಡು ಹೋಗುತ್ತದೆ, ಮುಂದಿನದು ದೇವರಿಗೆ ಬಿಟ್ಟದ್ದು. ಮೋನಪ್ಪ ಹಿಡಿದರೆ ಗೀರುಗಳು ಕಡ್ಡಿ ಗೀಚಿದ ಹಾಗೆ ಸಣ್ಣಗೆ, ಸ್ವಚ್ಛವಾಗಿ ಬೀಳುತ್ತಿದ್ದವು. ಅಂಥವನು ಅಸ್ಸಾಮಿನ ಕಡೆಯ ಕ್ಯಾಂಪಿನಲ್ಲಿ ಕಾಮಾಲೆಯಾಗಿ ಹಾಸಿಗೆಯ ಮೇಲೆ ಸತ್ತ. ಹಾರುವಾಗ ಬಿದ್ದು ಸತ್ತಿದ್ದರೆ ಎಲ್ಲಾದರೂ ಒಂದು ಕಲ್ಲಿನ ಮೇಲೆ ಹೆಸರು ಕೆತ್ತುತ್ತಿದ್ದರು. ಕಾಮಾಲೆಯಾದವನ ಹೆಸರು ಯಾರು ಕೆತ್ತುತ್ತಾರೆ? ಅವನು ಕೊನೆಯ ಸಲ ಹಿಡಿದ ಝಂಡಾವನ್ನು ಸ್ಟೋರಿನವರು ಹರಕು ಬಟ್ಟೆಯ ರಾಶಿಗೆ ಎಸೆದಾಗ ನೀಲಕಂಠಪ್ಪ ಎತ್ತಿಟ್ಟುಕೊಂಡಿದ್ದ. ವರ್ಷಕ್ಕೊಮ್ಮೆ ಅದನ್ನು ಮೇಜಿನ ಮೇಲೆ ಬಿಚ್ಚಿ, ಒಂದು ಬೆರಳಗಲದೊಳಗೆ ಬಿದ್ದ ಆ ಮೂರು ಗೀರು ನೋಡಿ, ಎಲ್ಲರೂ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಊಟಕ್ಕೆ ಕೂರುತ್ತಿದ್ದರು.

ಕೂಟಕ್ಕೆ ಹೊರಟವನಿಗೆ ಲೋಕಲ್ ರೈಲಿನ ಥರ್ಡ್ ಕ್ಲಾಸ್ ಡಬ್ಬಿಯಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಒದ್ದೆ ಬಟ್ಟೆಯ ನೀರು ಚೀಲದಿಂದ ಇಳಿದು ಪ್ಯಾಂಟನ್ನು ತೋಯಿಸತೊಡಗಿತು. ಪಕ್ಕದಲ್ಲಿದ್ದ ಬಿಳಿ ಟೋಪಿಯ ವ್ಯಾಪಾರಿ ಧೋತರದ ಅಂಚು ಒಟ್ಟುಮಾಡಿಕೊಂಡು, “ಮಚ್ಛೀ ಹೈ ಕ್ಯಾ?” ಎಂದು ಮೂಗು ಮುರಿದ. ಇಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾನೆ. ನೀಲಕಂಠಪ್ಪ ಮೀನೇ ಇರಲಿ ಎಂದು ತಲೆಯಾಡಿಸಿದ. ಲಿಂಗ ಕಟ್ಟಿದ ಎದೆಯ ಮೇಲೆ ಕೈಯಿಟ್ಟುಕೊಂಡು ಮೀನಿನ ಚೀಲ ಹೊತ್ತವನೆನಿಸಿಕೊಂಡು ಕುಳಿತ, ತನ್ನ ಅವ್ವ ಕಂಡಿದ್ದರೆ ಬಾವಿಗೆ ಹಾರುತ್ತಿದ್ದಳು. ಅಂಧೇರಿ ಬಂತು, ಹೋಯಿತು. ವ್ಯಾಪಾರಿ ಎದ್ದು ಎದುರಿನ ಬೆಂಚಿಗೆ ಹೋದ. ಚಂದ್ರವ್ವ ಉಂಡಳೋ ಇಲ್ಲವೋ. ಸಬಕಾರ ಹಚ್ಚಿ ಎರಡು ಸಲ ತಿಕ್ಕಿದಳಂತೆ. ಸಾರ್ವಜನಿಕ ನಲ್ಲಿಯ ಮುಂದೆ ಬೆಳಕು ಹರಿಯುವ ಮೊದಲೇ ಸಾಲು ನಿಂತು, ತನಗೆ ಗುರುತಿಲ್ಲದ ಒಬ್ಬ ಸತ್ತವನಿಗಾಗಿ, ಗಟ್ಟಿ ಕ್ಯಾನ್ವಾಸನ್ನು ಗೆಣ್ಣು ಸುಲಿಯುವ ಹಾಗೆ ತಿಕ್ಕಿದ್ದಾಳೆ. ಅವಳಿಗಿಂತ ಹೆಚ್ಚು ಗೌರವ ಮೋನಪ್ಪನಿಗೆ ಯಾರು ಕೊಟ್ಟರು? ಆದರೂ ಅವಳ ಮೇಲಿನ ಸಿಟ್ಟು ಇಳಿಯಲೊಲ್ಲದು. ತಪ್ಪು ತನ್ನದು ಎಂದು ಗೊತ್ತಾದಷ್ಟೂ ಸಿಟ್ಟು ಹೆಚ್ಚುತ್ತಿತ್ತು, ಇದೆಂಥ ಗಂಡಸು ಜನ್ಮವೋ.

ಮಾಟುಂಗಾದಲ್ಲಿ ಅಕ್ಕನ ಮನೆಯಲ್ಲಿದ್ದ ವಿನೋದಿನಿಯನ್ನು ಕಾಂತಪ್ಪನ ಊರಿನವರು ಪತ್ತೆಹಚ್ಚಿ ಕೊಟ್ಟಿದ್ದರು. ಔಷಧಿ ಶೀಶೆಗಳಿಗೆ ಲೇಬಲ್ ಅಂಟಿಸುವ ಕೆಲಸ ಅವಳದು, ಬೆರಳ ತುದಿಯಲ್ಲಿ ಗೋಂದಿನ ಸಿಪ್ಪೆ ಏಳುತ್ತಿತ್ತು. ಕರೆಯಲು ಹೋದ ನೀಲಕಂಠಪ್ಪನನ್ನು ಅವಳು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿದ್ದಳು. “ಅವರನ್ನು ನೆನೆಸುವಂಥದ್ದು ಎಂತ ಉಂಟು ಅಣ್ಣ? ಯುದ್ಧದಲ್ಲಿ ಹೋದವರಲ್ಲ. ಕಾಮಾಲೆಯಲ್ಲಿ ಹೋದವರು. ಕಾಮಾಲೆ ಯಾಕೆ ಬರ್ತದೆ ಅಂತ ನಮ್ಮ ಊರಿನವರಿಗೆಲ್ಲ ಗೊತ್ತುಂಟು.” ಆ ಮಾತು ಅವನ ಕಿವಿಗೆ ಬಿದ್ದಿತ್ತು, ಆದರೆ ಅವನು ಅಲ್ಲಿ ನಿಲ್ಲಲಿಲ್ಲ. ಟೈರು ಮಾರುವ ಕಾಶಪ್ಪನಿಗಿಂತ ಕಡೆಯಾಗಿ, ತನ್ನ ಸರಕನ್ನು ಮುಂದೆ ಚಾಚಿದ್ದ. “ಅವನ ಕೈಯ ಗುರುತು ಐತಿ ವೈನಿ, ನಮ್ಮ ಹತ್ರ. ನಿಮ್ಮ ಕೈಗೇ ಕೊಡಬೇಕಂತ ಮಾಡೀವಿ.” ಅವಳ ಮುಖ ಆಗ ಬದಲಾಯಿತು. “ಕೈಯದ್ದಾ?” ಎಂದಳು. “ಅವರ ಪೆಟ್ಟಿಗೆ ಬಂದಾಗ ಎಲ್ಲ ಒಗೆದೇ ಬಂದಿತ್ತು. ಬನಿಯನಿನಲ್ಲಿ ಕೂಡ ಫಿನೈಲಿನ ವಾಸನೆ ಮಾತ್ರ. ಬರ್ತೇನೆ. ಒಂದು ಸಲ ಬರ್ತೇನೆ.” ಗೆದ್ದೆ ಎಂದು ಅವನು ಮೆಟ್ಟಿಲಿಳಿದಿದ್ದ. ಕಾಮಾಲೆ ಯಾಕೆ ಬರುತ್ತದೆಂದು ಅವರ ಊರಿನವರು ಹೇಳುತ್ತಾರೆ ಎಂದು ಕೇಳಬೇಕಿತ್ತಲ್ಲ ಎಂದು ಈಗ ಲೋಕಲಿನಲ್ಲಿ ಕುಳಿತು ಅನಿಸಿತು. ಚರ್ಚ್‌ಗೇಟ್ ಸ್ಟೇಷನ್ ಬಂದದ್ದರಿಂದ ಆ ಯೋಚನೆಯನ್ನೂ ಅಲ್ಲೇ ಬಿಟ್ಟು ಇಳಿದ.

ಹೊರಗೆ ಬಂದವನೇ ಒಂದು ಸಣ್ಣ ಅಂಗಡಿಯಲ್ಲಿ ಮಕ್ಕಳು ಬರೆಯುವ ಬಣ್ಣದ ಖಡುಗಳ ಡಬ್ಬಿ ಕೊಂಡ. ಕೊಳ್ಳುವಾಗ ಅಂಗಡಿಯವನ ಮುಖ ನೋಡಲಿಲ್ಲ. ಏನಾಯಿತೀಗ? ಮೂರು ಗೀರು ತಾನೇ? ಅವನು ಅವನ್ನು ಎಷ್ಟು ಸಲ ನೋಡಿದ್ದಾನೆ, ಕಣ್ಣು ಮುಚ್ಚಿದರೂ ಎಳೆದಾನು. ವಿನೋದಿನಿಗೆ ತಿಳಿಯುವುದಿಲ್ಲ, ಕಾಂತಪ್ಪ ಅಡುಗೆಯವ, ಕಾಶಪ್ಪನಿಗೆ ಪುರುಸೊತ್ತಿಲ್ಲ. ಫೋರ್ಟಿನ ಬೀದಿ ಬಿಕೋ ಎನ್ನುತ್ತಿತ್ತು. ಬ್ಯಾಂಕುಗಳ ಬಾಗಿಲಿಗೆ ಬೀಗ, ಕಟ್ಟೆಗಳ ಮೇಲೆ ಮಲಗಿದ ನಾಯಿಗಳು. ಒಂದು ತೋಟದ ಕಬ್ಬಿಣದ ಬೇಲಿಯ ಮೇಲೆ ಬಟ್ಟೆ ಹರವಿ, ಬಿಸಿಲಿಗೆ ಒಣಗಲೆಂದು ಕಾವಲು ನಿಂತ. ಹಳದಿ ಪೇಟದ ಪೊಲೀಸ ದೂರದಿಂದಲೇ ಲಾಠಿ ತೋರಿಸಿ, “ಏ ಧೋಬಿ! ಇಕಡೆ ನಾಯ್!” ಎಂದು, ಇಲ್ಲಿ ಒಣಹಾಕಬೇಡವೆಂದು ಮರಾಠಿಯಲ್ಲಿ ಕೂಗಿದ. ನಾನು ಕಾರ್ಪೋರಲ್ ನೀಲಕಂಠಪ್ಪ ಎಂದು ನಾಲಗೆಯ ತುದಿಗೆ ಬಂತು. “ಹೋ ಸಾಹೇಬ್, ಝಾಲಂಚ್” ಎಂದು, ಆಗೇಹೋಯಿತು ಅನ್ನುವ ಹಾಗೆ ಹಲ್ಲು ಕಿರಿದು, ಬಟ್ಟೆ ಎತ್ತಿಕೊಂಡು ಮೂಲೆ ತಿರುಗಿದ.

ಮುಚ್ಚಿದ ಬ್ಯಾಂಕಿನ ಮೆಟ್ಟಿಲ ಮೇಲೆ ಅದನ್ನು ಹಾಸಿ, ಕೆಂಪು ಖಡು ತೆಗೆದು, ಉಸಿರು ಬಿಗಿಹಿಡಿದು ಒಂದು ಗೀರೆಳೆದ. ಗೀರು ದಪ್ಪಗೆ, ಮೊದಲೂ ಕೊನೆಯೂ ಒಂದೇ ಸಮನಾಗಿ, ಬಾಲವಾಡಿಯ ಪಾಟಿಯ ಮೇಲೆ ಬರೆದಂತೆ ಬಂತು. ರೆಕ್ಕೆ ಎಳೆದ ಗೀರು ಹೀಗಿರುವುದಿಲ್ಲ. ಅದು ತಾಗುವ ಕಡೆ ಗಟ್ಟಿ, ಬಿಡುವ ಕಡೆ ಧೂಳಿನಂತೆ ಚೆದುರಿರುತ್ತದೆ, ಬಟ್ಟೆಯ ನೂಲೂ ಒಂದೆರಡು ಎದ್ದಿರುತ್ತವೆ. ಬೆರಳಿಂದ ಉಜ್ಜಿದ, ಗುಲಾಬಿ ಕಲೆಯಾಯಿತು. ಆ ಕಲೆ ನೋಡುತ್ತಾ ನಾಚಿಕೆಯಿಂದ ಅವನ ಕಿವಿಗಳು ಬಿಸಿಯಾದವು. ಸತ್ತವನ ರುಜು ಹಾಕಲು ಕೂತಿದ್ದೆನಲ್ಲ ನಾನು, ಬ್ಯಾಂಕಿನ ಮೆಟ್ಟಿಲ ಮೇಲೆ! ಕಲೆಯನ್ನು ಅಂಗಿಯ ತುದಿಯಿಂದ ಪೂರ್ತಿ ಒರೆಸಿ ತೆಗೆದು, ಖಡುಗಳನ್ನು ಡಬ್ಬಿ ಸಮೇತ ಗಟಾರಕ್ಕೆ ಎಸೆದ. ಏನಾದರಾಗಲಿ, ಖಾಲಿ ಬಟ್ಟೆಯನ್ನೇ ಇಡುತ್ತೇನೆ, ಉಗಿದರೆ ಉಗಿಯಲಿ, ಹೋಗದೆ ಮಾತ್ರ ಇರುವುದಿಲ್ಲ ಎಂದು ಹಲ್ಲು ಕಚ್ಚಿಕೊಂಡು ಎದ್ದ.

ಹೋಟೆಲಿನ ಒಳಗೆ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ಬೋರಲು ಹಾಕಿದ್ದರು, ಒಂದು ಮೇಜು ಮಾತ್ರ ನೆಲದ ನಡುವೆ ಸಿದ್ಧವಾಗಿತ್ತು. ಕಾಂತಪ್ಪ ಬನಿಯನಿನಲ್ಲಿ ಬೆವರುತ್ತಾ ತುಕಡಿಯ ಮೆಸ್ಸಿನಲ್ಲಿ ಮಾಡುತ್ತಿದ್ದ ಹಾಗೆಯೇ ಬೇಳೆ ಮತ್ತು ದಪ್ಪ ಪೂರಿ ಮಾಡಿದ್ದ. ಕಾಶಪ್ಪ ಆಗಲೇ ಗಡಿಯಾರ ನೋಡಿಕೊಳ್ಳುತ್ತಿದ್ದ. “ಮೂರು ಮಂದಿ ಕೂಡಿ ಏನು ಸಂಘ ನಡಸ್ತೀಯೋ ನೀಲ್ಯಾ? ನಮಗ ನಾವ ಹಾರಾ ಹಾಕ್ಕೊಳ್ಳೋದು. ಇವತ್ತ ಆ ಅರಿವಿ ಆಕೀಗೆ ಕೊಟ್ಟು ಕೈ ಮುಗದು ಬಿಡೋಣ.”

“ನೀ ಬರದಿದ್ರ ಬಿಡು. ನಾ ಒಬ್ಬನ ಕೂಡ್ತೀನಿ,” ಎಂದ ನೀಲಕಂಠಪ್ಪ.

ವಿನೋದಿನಿ ಬಂದಳು. ಬೂದು ಬಣ್ಣದ ಸೀರೆ, ಕೈಯಲ್ಲೊಂದು ಕೊಡೆ. ಬೆಂಚಿನ ಅಂಚಿನಲ್ಲಿ, ಈಗಲೇ ಎದ್ದು ಹೋಗುವವಳ ಹಾಗೆ ಕೂತಳು. ಗಂಡಸರು ಮೂವರೂ ಎದ್ದು ನಿಂತರು, ಕೂತರು. ಬರುವ ಭಾನುವಾರವೂ ಅದರ ಮುಂದಿನ ಭಾನುವಾರವೂ ಹೀಗೆಯೇ ಕೂತರೂ ತಮಗೆ ಮಾತು ಹುಟ್ಟದೆಂದು ನೀಲಕಂಠಪ್ಪನಿಗೆ ಖಾತ್ರಿಯಾಯಿತು. ಚೀಲ ಬಿಚ್ಚಿ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ.

“ಏನಿದು?” ಎಂದ ಕಾಶಪ್ಪ. ಬಗ್ಗಿ ನೋಡಿದ, ಮಗುಚಿ ನೋಡಿದ. “ಗೀರೆಲ್ಲಿ ಹೋದ್ವು?”

“ನಮ್ಮ ಮನ್ಯಾಗ ಒಗದೀವಿ. ತಪ್ಪು ನಂದು. ಅದೇನು ಅಂತ ಮನಿಯಾಕಿಗೆ ನಾ ಒಂದ ದಿನ ಹೇಳಿಲ್ಲ.”

“ಹೇಳಿ ಕೇಳಿ ಒಂದು ಅರಿವಿ ಕಾಯಾಕ ಬರಲಿಲ್ಲಲ್ಲೋ ನಿನಗ! ಸಂಘ ನಡಸ್ತಾನಂತ, ಸಂಘ!” ಕಾಶಪ್ಪ ಮೇಜು ಗುದ್ದಿದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಕಡೆಯ ಸಲವೆಂದು ಹೇಳಿಕೊಂಡು ತಿರುಗುತ್ತಿದ್ದವನ ಕಣ್ಣಲ್ಲಿ. ಕಾಂತಪ್ಪ ಮಾತ್ರ “ಅಯ್ಯೋ ದೇವರೇ” ಎಂದು ನೆಲ ನೋಡಿದ.

ವಿನೋದಿನಿ ಬಟ್ಟೆಯ ಒಂದು ಮೂಲೆ ಎತ್ತಿ ಮೂಗಿನ ಹತ್ತಿರ ಹಿಡಿದಳು. “ಇದೂ ಒಗೆದೇ ಬಂತು,” ಎಂದಳು. ಸಿಟ್ಟು ಮಾಡಿದ್ದರೆ ತಡೆದುಕೊಳ್ಳಬಹುದಿತ್ತು. ಸಿಟ್ಟಿರಲಿಲ್ಲ, ಇದೇ ಆಗುವುದೆಂದು ಬರುವಾಗಲೇ ಗೊತ್ತಿದ್ದವಳ ದನಿ ಅದು. ಬಟ್ಟೆಯನ್ನು ಮಡಿಸಿಟ್ಟು, ಕೊಡೆ ಎತ್ತಿಕೊಂಡಳು. “ನಾನು ಬರ್ತೇನೆ ಹಾಗಾದರೆ. ಬೇಜಾರು ಮಾಡಬೇಡಿ ನೀವು.”

“ಕೂಡ್ರಿ ವೈನಿ!” ನೀಲಕಂಠಪ್ಪ ಬಾಗಿಲಿಗೆ ಅಡ್ಡ ಬಂದು ನಿಂತ. ಹೆಂಗಸಿನ ದಾರಿಗೆ ಅಡ್ಡ ನಿಂತದ್ದು ತಪ್ಪೆಂದು ಗೊತ್ತಿದ್ದೂ ಸರಿಯಲಿಲ್ಲ. “ಕೊಡಾಕ ಏನೂ ಉಳಿದಿಲ್ಲ, ಖರೇ. ಅದರ ಮ್ಯಾಲೆ ಏನಿತ್ತು ಅಂತರ ಕೇಳಿ ಹೋಗ್ರಿ. ರೆಕ್ಕಿ ಇರ್ತಾವ್ರೀ, ಮೂರು. ತುದಿಗೆ ಬಣ್ಣ ಹಚ್ತೀವಿ. ತಿರುಗುವಾಗ ಮೋನಪ್ಪ ಹಿಂಗ ಗಳಾ ಹಿಡದು...” ಕೈಯಲ್ಲಿ ತೋರಿಸಿದ. ಬರಿಗೈ ಗಾಳಿಯಲ್ಲಿ ಪೆದ್ದುಪೆದ್ದಾಗಿ ಆಡಿತು.

“ಎಂತದ್ದು ತಿರುಗುವುದು? ವಿಮಾನವಾ?” ಎಂದಳು ಅವಳು. ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅರ್ಥವಾಗಬೇಕೆಂಬ ಆಸೆಯೂ ಅಷ್ಟಾಗಿ ಕಾಣಲಿಲ್ಲ.

“ವಿಮಾನ ಅಲ್ರೀ, ಅದರ ನೆತ್ತಿ ಮ್ಯಾಲೆ...” ಎಂದು ಅವನು ತಲೆ ಮೇಲೆತ್ತಿ ತೋರಿಸಲು ಹೋದ. ತೋರಿಸಿದ ಬೆರಳು ಅಲ್ಲೇ ನಿಂತಿತು. ಮೇಜಿನ ಮೇಲೆ ಸೂರಿನಿಂದ ಉದ್ದ ಕಂಬಿಗೆ ಇಳಿಬಿಟ್ಟ ಹಳೆಯ ಫ್ಯಾನು ಇತ್ತು, ಮೂರು ರೆಕ್ಕೆಯದು.

ಕಾಶಪ್ಪ ಅವನ ಬೆರಳು ನೋಡಿದ, ಫ್ಯಾನು ನೋಡಿದ. ಆಮೇಲೆ ಟೈ ಬಿಚ್ಚಿ ಜೇಬಿಗೆ ತುರುಕಿದ. “ಕಾಂತ್ಯಾ, ಬಣ್ಣದ ಖಡು ಅದಾವೇನೋ?”

ಇದ್ದವು. ಬಾಗಿಲ ಬಳಿ ಆ ದಿನದ ತಿಂಡಿಯ ಹೆಸರು ಬರೆದು ನಿಲ್ಲಿಸುವ ಕಪ್ಪು ಹಲಗೆಗೆಂದು ಕಾಂತಪ್ಪ ಎಲ್ಲ ಬಣ್ಣವನ್ನೂ ಇಟ್ಟುಕೊಂಡಿದ್ದ. ಜೇಡರ ಬಲೆ ತೆಗೆಯುವ ಬಿದಿರಿನ ಗಳ ಸಿಕ್ಕಿತು. ಬಟ್ಟೆಯ ಎರಡೂ ಸಂದಿಗೆ ಸಾಂಬಾರಿನ ಉದ್ದ ಸೌಟುಗಳ ಹಿಡಿ ತೂರಿಸಿ, ಗಳಕ್ಕೆ ಅಡ್ಡಡ್ಡ ಬಿಗಿದು ಕಟ್ಟಿದರು. ಕೈಗಳಿಗೆ ಎಲ್ಲ ನೆನಪಿತ್ತು, ಯಾರೂ ಯಾರಿಗೂ ಹೇಳಬೇಕಾಗಲಿಲ್ಲ. ಕಾಶಪ್ಪ ಮೇಜಿನ ಮೇಲೆ ಕುರ್ಚಿ ಹಾಕಿ ಹತ್ತಿ, ಇಸ್ತ್ರಿ ಮಾಡಿದ ಅಂಗಿಯ ತೋಳಿಗೆ ಧೂಳು ಮೆತ್ತಿಸಿಕೊಳ್ಳುತ್ತಾ ರೆಕ್ಕೆಯ ತುದಿಗಳಿಗೆ ಬಣ್ಣ ಬಳಿದ. “ಕೆಂಪು!” ಎಂದು ಕೂಗಿದ. “ಕೆಂಪು,” ಎಂದು ಕೆಳಗಿನಿಂದ ನೀಲಕಂಠಪ್ಪ ಮಾರ್ನುಡಿದ. ನೀಲಿಗೂ ಹಾಗೇ, ಹಳದಿಗೂ ಹಾಗೇ. ಕೂಗಿ ಹೇಳಿ ಮಾರ್ನುಡಿಯದೆ ಬಣ್ಣ ಹಚ್ಚುವ ಪದ್ಧತಿಯೇ ತುಕಡಿಯಲ್ಲಿ ಇರಲಿಲ್ಲ. ವಿನೋದಿನಿ ಕೊಡೆ ಹಿಡಿದುಕೊಂಡೇ ನಿಂತಿದ್ದಳು. ಮೂವರು ನಡುವಯಸ್ಸಿನ ಗಂಡಸರಿಗೆ ಏನಾಯಿತೆಂಬ ದಿಗಿಲು ಅವಳ ಮುಖದಲ್ಲಿತ್ತು.

ನೀಲಕಂಠಪ್ಪ ಗಳ ಎತ್ತಿಕೊಂಡ. ಮೇಜು ಹತ್ತಲು ಒಂದು ಕಾಲಿಟ್ಟ. ಹತ್ತಿದ್ದರೆ ಮೋನಪ್ಪನನ್ನು ತಾನೇ ಆಡಿ ತೋರಿಸುತ್ತಿದ್ದ, ಚೆನ್ನಾಗಿಯೇ ಆಡುತ್ತಿದ್ದ, ಅವಳು ನೋಡಿ ಮನೆಗೆ ಹೋಗುತ್ತಿದ್ದಳು. ಕಾಲು ಹಿಂದಕ್ಕೆ ತೆಗೆದ. “ವೈನಿ, ನೀವ ಹಿಡೀರಿ,” ಎಂದ.

“ನಾನಾ? ಎಂತ ತಮಾಷೆ ಮಾಡ್ತೀರಿ ಮಾರಾಯ್ರೆ!”

“ತಮಾಷಿ ಅಲ್ಲ. ಹಿಡೀರಿ.”

ಕಾಂತಪ್ಪ, “ಹಿಡಿಯಿರಿ ಅಕ್ಕ, ನಾನು ಮೇಜು ಗಟ್ಟಿ ಹಿಡ್ಕೊಳ್ತೇನೆ,” ಎಂದು ತುಳುವಿನಲ್ಲೂ ಒಂದು ಮಾತು ಸೇರಿಸಿದ. ಏನು ಹೇಳಿದನೋ, ಅವಳು ಕೊಡೆ ಕೆಳಗಿಟ್ಟು, ಸೆರಗು ಸಿಕ್ಕಿಸಿ ಮೇಜು ಹತ್ತಿದಳು. ನೀಲಕಂಠಪ್ಪ ಸ್ವಿಚ್ಚು ಹಾಕಿದ. ಫ್ಯಾನು ನರಳುತ್ತಾ ಎದ್ದಿತು, ಬಣ್ಣಗಳು ಒಂದಾದವು, ರೆಕ್ಕೆಗಳು ಕಾಣದಾದವು. “ಮೆಲ್ಲಕ ತರ್ರಿ. ಇನ್ನಾ ಮೆಲ್ಲಕ. ಉಸಿರು ಬಿಡಬ್ಯಾಡ್ರಿ. ತಾಗಿತು ಅನ್ನೂದ್ರಾಗ ಹಿಂದ ಎಳೀಬೇಕು!” ಬಟ್ಟೆ ಮುಂದೆ ಸರಿಯಿತು. ಟಕ್ ಟಕ್ ಟಕ್ ಟಕ್ ಎಂದು ಗಳದ ಉದ್ದಕ್ಕೂ ಪೆಟ್ಟು ಇಳಿದು ಬಂತು. “ಎಳೀರಿ!” ಎಂದು ಮೂವರೂ ಒಟ್ಟಿಗೆ ಕೂಗಿದರು.

ಕಾಶಪ್ಪ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿದ. ಕೆಂಪು ಮೇಲೆ, ಹಳದಿ ಗೇಣುದ್ದ ಕೆಳಗೆ, ನೀಲಿ ಎಲ್ಲೋ ಪಾತಾಳದಲ್ಲಿ. ಬೆರಳಿಟ್ಟು ಅಳೆದು, ಹಿಂದೆ ಪೈಲಟ್ ಸಾಹೇಬರಿಗೆ ಹೇಳುತ್ತಿದ್ದ ಗಾಂಭೀರ್ಯದಲ್ಲೇ ಹೇಳಿದ, “ಈ ಮಷೀನ ಹಾರಂಗಿಲ್ಲ. ಇದರ ಬುಡಕ ಕುಂತು ಇಡ್ಲಿ ತಿನ್ನೋರು ಭಾಳ ಧೈರ್ಯವಂತರು.” ಕಾಂತಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. ನೀಲಕಂಠಪ್ಪನಿಗೂ ನಗು ಬಂತು, ಎಷ್ಟು ದಿನವಾಗಿತ್ತು ಹೀಗೆ ನಕ್ಕು.

ವಿನೋದಿನಿ ಮೇಜಿನಿಂದ ಇಳಿಯಲಿಲ್ಲ. ಗಳವನ್ನು ತೋಳಿಗೊರಗಿಸಿಕೊಂಡು ತನ್ನ ಎರಡೂ ಅಂಗೈ ನೋಡಿಕೊಳ್ಳುತ್ತಿದ್ದಳು. “ಇನ್ನೂ ಜುಮುಜುಮು ಅಂತ ಉಂಟು,” ಎಂದಳು. “ಒಂದು ಫ್ಯಾನಿಗೇ ಹೀಗೆ. ಅದು ಎಷ್ಟು ದೊಡ್ಡದಿತ್ತು?”

“ಈ ಹೋಟೆಲಿನ್ಯಾಗ ಹಿಡಿಯಂಗಿಲ್ಲ ಅದರ ರೆಕ್ಕಿ,” ಎಂದ ನೀಲಕಂಠಪ್ಪ. “ಒಂದೊಂದ ದಿನ ಬೆಳಗಿಂದ ಸಂಜೀತನಕ ಹಿಡೀತಿದ್ದ.”

“ರಜೆಯಲ್ಲಿ ಊರಿಗೆ ಬಂದಾಗ ಅವರ ಕೈ ನಡುಗ್ತಿತ್ತು. ಊಟದ ಹೊತ್ತಿಗೆ, ನಿದ್ದೆಯಲ್ಲಿ ಕೂಡ. ಲೋಟ ಹಿಡಿದರೆ ನೀರು ಚೆಲ್ಲುತ್ತಿತ್ತು. ನಮ್ಮ ಅತ್ತೆ, ಮಿಲಿಟರಿಗೆ ಹೋಗಿ ಕುಡಿಯಲು ಕಲಿತಿದ್ದಾನೆ ಅಂದರು. ನಾನು ಕೇಳಿದೆ. ಜಗಳ ಮಾಡಿಯೇ ಕೇಳಿದೆ. ಕೆಲಸದ್ದು ಅಂದರು, ಅಷ್ಟೇ. ಯಾವ ಕೆಲಸದಲ್ಲಿ ಕೈ ನಡುಗ್ತದೆ ಅಂದೆ. ಹೇಳಿದರೆ ನಿನಗೆ ಹೆದರಿಕೆ ಆಗ್ತದೆ ಅಂದರು. ಆಮೇಲೆ ಕಾಮಾಲೆ ಅಂತ ತಂತಿ ಬಂತಲ್ಲ, ಊರವರಿಗೆ ಮತ್ತೆ ಸಾಕ್ಷಿ ಬೇಕಾ? ಕುಡಿದು ಸತ್ತವನ ಹೆಂಡತಿ ಅಂತಲೇ ನನ್ನನ್ನು...” ಗಳವನ್ನು ಇನ್ನೊಂದು ತೋಳಿಗೆ ಒರಗಿಸಿಕೊಂಡಳು. “ನಾನೂ ಹಾಗೇ ಅಂದುಕೊಂಡಿದ್ದೆ. ಅವರ ಹೆಣದ ಮೇಲೂ ನನಗೆ ಸಿಟ್ಟಿತ್ತು.”

ಫ್ಯಾನು ಮೇಲೆ ನರಳುತ್ತಲೇ ಇತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಇದು ಹೇಳಬೇಕಾದ ಮಾತೆಂದು ಇಷ್ಟು ವರ್ಷದಲ್ಲಿ ಅವರಿಗೆ ಹೊಳೆದೇ ಇರಲಿಲ್ಲ. ತಮಗೆಲ್ಲ ಗೊತ್ತಿದ್ದದ್ದು ಲೋಕಕ್ಕೆಲ್ಲ ಗೊತ್ತಿದೆ ಎಂದುಕೊಂಡು, ಬಟ್ಟೆಯನ್ನು ಟ್ರಂಕಿನಲ್ಲಿಟ್ಟು ಪೂಜೆ ಮಾಡಿದ್ದರು.

“ಮೋನಪ್ಪ? ಕುಡಿಯೋದು?” ಎಂದ ಕಾಶಪ್ಪ. “ನಾವೆಲ್ಲಾ ಕುಡೀತಿದ್ವಿ ವೈನಿ. ನಾನು, ಇವ, ಕಾಂತ್ಯಾ, ಎಲ್ಲಾರೂ. ರಮ್ ಪುಕ್ಕಟಿ ಸಿಗ್ತಿತ್ತು. ಅಂವ ಒಬ್ಬನ ತನ್ನ ಪಾಲಿಂದು ನಮಗ ಹಂಚತಿದ್ದ. ಕುಡಿಯದಾವ ಅಂತನ ಅವನ ಕೈಯಾಗ ಝಂಡಾ ಕೊಟ್ಟಿದ್ದು. ನಮ್ಮೆಲ್ಲಾರ ಜೀವ ಅವನ ಕೈಯಾಗ ಇತ್ತು.”

ವಿನೋದಿನಿ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು, ಅದರಿಂದ ಹಳದಿ ಧೂಳು ಕೆನ್ನೆಗೆ ಹತ್ತಿತು. ಆಮೇಲೆ ಗಳವನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಅಗಲಿಸಿ ಗಟ್ಟಿಯಾಗಿ ನಿಂತಳು.

“ಫ್ಯಾನು ನಿಲ್ಲಿಸಿ, ರೆಕ್ಕೆ ಸರಿ ಮಾಡಿ,” ಎಂದಳು. “ಮೂರೂ ಒಂದರ ಮೇಲೊಂದು ಬೀಳುವವರೆಗೆ ನಾನು ಇಳಿಯುವುದಿಲ್ಲ.”

ಕಾಶಪ್ಪ ಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ತೋಳು ಮಡಿಸಿದ. ನೀಲಕಂಠಪ್ಪ ರೆಕ್ಕೆಯ ನಟ್ಟು ತಿರುಗಿಸುವ ಪಾನಾ ಹುಡುಕಲು ಒಳಗೆ ಹೋದ.